ಕಡಲಿಗೆ ಅನ್ನಭೇದಿ

ದಕ್ಷಿಣ ಧ್ರುವದ ಸುತ್ತಲಿನ ಸಮುದ್ರಕ್ಕೆ ಕಬ್ಬಿಣದ ಲವಣವನ್ನು ಸುರಿದರೆ ಅಲ್ಲಿನ ಸಸ್ಯಪ್ಲವಕಗಳು ಹುಲುಸಾಗಿ ಬೆಳೆದು, ಗಾಳಿಯಲ್ಲಿನ ಇಂಗಾಲವನ್ನು ಹೀರಿಕೊಂಡು ಕಡಲ ತಳಕ್ಕೆ ಇಳಿಯುತ್ತವೆ, ಅದರಿಂದ ಭೂಮಿಯ ಕಾವು ತಗ್ಗುತ್ತದೆ ಎಂಬ ವಾದವು ಹತ್ತು ಹನ್ನೆರಡು ವರ್ಷ ಮಲಗಿದ್ದು ಈಗ ಮತ್ತೆ ಎದ್ದು ಕುಳಿತಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2021ರ ಡಿಸೆಂಬರಿನಲ್ಲಿ ಹೊರತಂದ ವರದಿಯು ಈ ವಿಷಯದಲ್ಲಿ ಸಂಶೋಧನೆ ಮುಂದುವರಿಯಬೇಕೆಂದು ಹೇಳಿತು. ಸಂಶೋಧನೆಯ ಮಾತು ಎಲ್ಲಿ ಹೊರಟಿತೋ ಅಲ್ಲಿಗೆ ಅದರ ಬೆನ್ನು ಹಿಡಿದು ವ್ಯಾಪಾರವೂ ಹೋಗುತ್ತದೆ. ಹೀರಿದ ಇಂಗಾಲಕ್ಕೆ ಟನ್ನಿಗಿಷ್ಟು ಎಂದು ಬೆಲೆ ಕಟ್ಟಿ ಮಾರುವ ಕಾಲವಿದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆ ನಡೆಯಲಿ, ಅದರಲ್ಲಿ ನಮ್ಮ ದೇಶವೂ ಇರಲಿ. ಆದರೆ ಕಡಲಿಗೆ ಕಬ್ಬಿಣ ಸುರಿದು ಇಂಗಾಲದ ರಶೀದಿ ಮಾರುವುದಕ್ಕೆ ಅವಕಾಶ ಕೊಡಕೂಡದು. ವಿಜಯಪುರದಂಥ ಒಣ ಊರಿನಲ್ಲಿ ಕುಳಿತವನಿಗೆ ಧ್ರುವಸಾಗರದ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಈ ವಿಷಯದ ಅರ್ಧ ಪಾಠವನ್ನು ನಾನು ಕಲಿತದ್ದು ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ. ಹೇಗೆಂದು ವಿವರಿಸುತ್ತೇನೆ.

ಸಮುದ್ರಕ್ಕೆ ಸುರಿಯುವ ಆ ಲವಣ ಬೇರೇನೂ ಅಲ್ಲ, ನಮ್ಮ ಅನ್ನಭೇದಿ. ರಸಾಯನಶಾಸ್ತ್ರದಲ್ಲಿ ಇದನ್ನು ಫೆರಸ್ ಸಲ್ಫೇಟ್ ಎನ್ನುತ್ತೇವೆ. ತಿಳಿಹಸಿರು ಹರಳು. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಇದನ್ನು ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದರು. ಈಗ ಗೊಬ್ಬರದ ಅಂಗಡಿಯಲ್ಲಿ ಕಿಲೋಗಟ್ಟಲೆ ಸಿಗುತ್ತದೆ. ಚಾಟ್ನಿ ಮಾಡಿದ ಮೇಲೆ ಹೊಸದಾಗಿ ಚಿಗುರಿದ ದ್ರಾಕ್ಷಿ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ, ಅದು ಕಬ್ಬಿಣದ ಕೊರತೆ. ಆಗ ನೂರು ಲೀಟರ್ ನೀರಿಗೆ ಅರ್ಧ ಕಿಲೋ ಅನ್ನಭೇದಿ, ಜೊತೆಗೆ ಸ್ವಲ್ಪ ನಿಂಬೆಯ ಆಮ್ಲ ಬೆರೆಸಿ ಸಿಂಪಡಿಸುತ್ತಾರೆ.

ಇಲ್ಲಿ ಒಂದು ಒಗಟಿದೆ. ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಗೋಳಗುಮ್ಮಟವನ್ನು ಕಟ್ಟಿದ ಕಪ್ಪು ಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿ ಆದದ್ದು. ಆ ಕಲ್ಲಿನ ನೂರು ಭಾಗದಲ್ಲಿ ಹತ್ತಕ್ಕೂ ಮಿಕ್ಕ ಭಾಗ ಕಬ್ಬಿಣದ ಆಕ್ಸೈಡ್. ಅದೇ ಕಲ್ಲು ಸವೆದು ಎರೆಮಣ್ಣಾಯಿತು. ಹೀಗಿದ್ದೂ ಅದರಲ್ಲಿ ನಿಂತ ಬಳ್ಳಿ ಕಬ್ಬಿಣವಿಲ್ಲದೆ ಸೊರಗುತ್ತದೆ. ನಾನು ಇದನ್ನು ವಿವರಿಸುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ತಿಕೋಟಾದ ದ್ರಾಕ್ಷಿ ಬೆಳೆಗಾರರು, ಹೀಗೆ ಕೇಳಿದರು: "ಮಾಸ್ತರ, ಕಬ್ಬಿಣ ಭೂಮ್ಯಾಗ ಐತಿ ಅಂತೀರಿ, ಎಲ್ಯಾಗ ಇಲ್ಲ ಅಂತೀರಿ. ಹಂಗಾರ ನಡುವ ಯಾರು ತಿಂದ್ರು?"

ನಡುವೆ ತಿಂದದ್ದು ಸುಣ್ಣ. ಸುಣ್ಣದಂಶ ಹೆಚ್ಚಿದ್ದು ಮಣ್ಣು ಕ್ಷಾರವಾಗಿದ್ದರೆ, ಗಾಳಿಯ ಆಮ್ಲಜನಕ ಸೋಕಿದ ಕಬ್ಬಿಣವು ತುಕ್ಕಿನ ರೂಪ ತಾಳಿ ನೀರಿನಲ್ಲಿ ಕರಗದೆ ಕುಳಿತುಬಿಡುತ್ತದೆ. ಬೇರಿಗೆ ಬೇಕಾದದ್ದು ಕರಗಿದ ಕಬ್ಬಿಣ. ಅನ್ನಭೇದಿಯನ್ನು ಅಂಥ ಮಣ್ಣಿಗೇ ಸುರಿದರೆ ಅದೂ ಬೇಗನೆ ತುಕ್ಕಾಗುತ್ತದೆ. ಆದಕಾರಣ ಎಲೆಗೆ ಸಿಂಪಡಿಸುವುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುವಾಗ ಹೆಣ್ಣುಮಕ್ಕಳಿಗೆ ಚಹಾದ ಜೊತೆ ನುಂಗಬೇಡಿರೆಂದು ಹೇಳುತ್ತಿದ್ದುದೂ ಇಂಥದೇ ಕಾರಣಕ್ಕೆ. ಇರುವುದು ಬೇರೆ, ದಕ್ಕುವುದು ಬೇರೆ.

ಸಮುದ್ರದ ನೀರೂ ನಮ್ಮ ಎರೆಹೊಲದಂತೆ ಕ್ಷಾರಗುಣದ್ದು. ಅದರಲ್ಲಿ ಆಮ್ಲಜನಕವೂ ಕರಗಿರುತ್ತದೆ. ಕಬ್ಬಿಣ ಅಲ್ಲಿ ಬಿದ್ದರೆ ಆಗುವುದೂ ಇದೇ: ತುಕ್ಕಾಗಿ ತಳ ಸೇರುತ್ತದೆ. ಆದುದರಿಂದ ದಕ್ಷಿಣ ಸಾಗರದ ಮೇಲ್ನೀರಿನಲ್ಲಿ ಕರಗಿದ ಕಬ್ಬಿಣ ಎಷ್ಟು ಅಲ್ಪವೆಂದರೆ, ಒಂದು ಗ್ರಾಂ ಕಬ್ಬಿಣ ಸಿಗಬೇಕಾದರೆ ಹದಿನೈದು ಇಪ್ಪತ್ತು ಕೋಟಿ ಲೀಟರ್ ನೀರನ್ನು ಸೋಸಬೇಕು. ಅಲ್ಲಿ ಸಾರಜನಕವಿದೆ, ರಂಜಕವಿದೆ, ಬೇಸಿಗೆಯಲ್ಲಿ ಬೇಕಾದಷ್ಟು ಬೆಳಕಿದೆ. ಆದರೂ ಬೆಳೆ ಇಲ್ಲ. ಗೊಬ್ಬರ ಹಾಕಿದ ಹೊಲ ಬೀಳುಬಿದ್ದಂತೆ ಆ ಕಡಲು ಬಿದ್ದಿದೆ. ಈ ಬೀಳಿಗೆ ಕಬ್ಬಿಣದ ಕೊರತೆಯೇ ಕಾರಣವೆಂದು ಪಟ್ಟು ಹಿಡಿದು ವಾದಿಸಿದವರು ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಕಡಲ ಪ್ರಯೋಗಾಲಯದ ಜಾನ್ ಮಾರ್ಟಿನ್. ಹಿಮಯುಗಗಳಲ್ಲಿ ಗಾಳಿಯ ಧೂಳು ಹೆಚ್ಚಾಗಿತ್ತು, ಆ ಧೂಳಿನ ಕಬ್ಬಿಣ ದಕ್ಷಿಣ ಸಾಗರಕ್ಕೆ ಬಿದ್ದು ಪ್ಲವಕಗಳು ಹೆಚ್ಚಿದವು, ಅದಕ್ಕೇ ಅಂದಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿತ್ತು ಎಂಬುದು 1990ರಲ್ಲಿ ಅವರು ಮಂಡಿಸಿದ ಊಹೆ. ಅರ್ಧ ಹಡಗು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತಂದುಕೊಡುತ್ತೇನೆಂದು ಅವರು ಒಮ್ಮೆ ವಿನೋದಕ್ಕೆ ಹೇಳಿದ್ದುಂಟು. ವಿನೋದವನ್ನು ವಿನೋದವೆಂದು ಬಿಡದೆ ಬಂಡವಾಳ ಮಾಡಿಕೊಂಡವರು ಆಮೇಲೆ ಬಂದರು. ಮಾರ್ಟಿನ್ 1993ರಲ್ಲಿ ತೀರಿಕೊಂಡರು. ಅವರ ಊಹೆಯನ್ನು ಕಡಲಿನಲ್ಲೇ ಪರೀಕ್ಷಿಸಿದ ಮೊದಲ ಪ್ರಯೋಗವು ಅದಾಗಿ ಕೆಲವೇ ತಿಂಗಳಲ್ಲಿ, ಗಲಪಗೋಸ್ ದ್ವೀಪಗಳ ಬಳಿ ನಡೆಯಿತು.

ಇಂಗಾಲದ ಲೆಕ್ಕವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಪ್ಲವಕ ಬೆಳೆದರೆ ಸಾಲದು, ಮುಳುಗಬೇಕು. ಮೇಲೆಯೇ ಕೊಳೆತರೆ ಅಥವಾ ಮತ್ತೊಂದು ಜೀವಿಯ ಹೊಟ್ಟೆ ಸೇರಿದರೆ ಅದರ ಇಂಗಾಲವು ಕೆಲವೇ ದಿನ, ವಾರಗಳಲ್ಲಿ ನೀರಿಗೆ, ನೀರಿನಿಂದ ಗಾಳಿಗೆ ಹಿಂತಿರುಗುತ್ತದೆ. ಸಾವಿರ ಮೀಟರಿಗೂ ಕೆಳಗಿಳಿದರೆ ಮಾತ್ರ ನೂರಾರು ವರ್ಷ ಅಲ್ಲಿ ಉಳಿಯುತ್ತದೆ. ರಾಶಿ ಮಾಡಿದ ಜೋಳವೆಲ್ಲ ಹಗೇವಿಗೆ ಇಳಿಯುವುದಿಲ್ಲವಲ್ಲ; ಹಕ್ಕಿ, ಇಲಿ, ಕೂಲಿಯವರ ಪಾಲು, ಮನೆಯ ಊಟ ಎಲ್ಲ ಕಳೆದು ಉಳಿದದ್ದು ಮಾತ್ರ ಇಳಿಯುತ್ತದೆ. ಹಗೇವಿಗೆ ಇಳಿದದ್ದೆಷ್ಟು ಎಂಬುದೇ ಪ್ರಶ್ನೆ.

ಈಗ ನಮ್ಮ ದೇಶದ ಪ್ರಯೋಗಕ್ಕೆ ಬರೋಣ. 2009ರ ಜನವರಿ 7ರಂದು ಜರ್ಮನಿಯ ಪೋಲಾರ್‌ಸ್ಟೆರ್ನ್ ಎಂಬ ಹಡಗು ದಕ್ಷಿಣ ಆಫ್ರಿಕದ ಕೇಪ್ ಟೌನಿನಿಂದ ಹೊರಟಿತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹಾಗೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಕೂಡಿ ನಡೆಸಿದ ಪ್ರಯೋಗವದು. ಮುಂದಾಳುಗಳು ವಾಜಿಹ್ ನಕ್ವಿ ಮತ್ತು ಬಾಲ್ಯವನ್ನು ಭಾರತದಲ್ಲೇ ಕಳೆದ ವಿಕ್ಟರ್ ಸ್ಮೆಟಾಚೆಕ್. ಹೆಸರು ಲೋಹಾಫೆಕ್ಸ್. ಹಿಂದಿಯ ಲೋಹಾ ಎಂದರೆ ಕಬ್ಬಿಣ. ಕನ್ನಡದವರಾದ ನಮಗೆ ಚಿನ್ನ ಬೆಳ್ಳಿಗಳೂ ಲೋಹವೇ ಆದ್ದರಿಂದ, ಹೆಸರು ಕೇಳಿದವರು ಸಮುದ್ರಕ್ಕೆ ಬಂಗಾರ ಸುರಿಯಲು ಹೊರಟರೋ ಎಂದುಕೊಳ್ಳಬಹುದಿತ್ತು. ಅದಿರಲಿ. ಹಡಗು ಹೊರಟ ಮೇಲೆ ಪರಿಸರವಾದಿಗಳು ಆಕ್ಷೇಪವೆತ್ತಿದರು. ಅದರ ಹಿಂದಿನ ವರ್ಷವಷ್ಟೇ ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು ಬಾನ್ ನಗರದಲ್ಲಿ ಸೇರಿ ಇಂಥ ಪ್ರಯೋಗಗಳಿಗೆ ತಡೆ ಹೇಳಿದ್ದವು. ಜರ್ಮನ್ ಸರಕಾರವು ಪ್ರಯೋಗವನ್ನು ತಡೆಹಿಡಿದು, ಮರುಪರಿಶೀಲಿಸಿ, ಜನವರಿ 26ರಂದು, ಇಲ್ಲಿ ನಮ್ಮ ಮಕ್ಕಳು ಧ್ವಜಕ್ಕೆ ವಂದಿಸುತ್ತಿದ್ದ ದಿನವೇ, ಒಪ್ಪಿಗೆ ನೀಡಿತು. ನಮ್ಮೂರು ಆಗಿನ್ನೂ ಬಿಜಾಪುರ.

ಅಟ್ಲಾಂಟಿಕ್ ಸಾಗರದ ದಕ್ಷಿಣ ಭಾಗದಲ್ಲಿ ತನ್ನಷ್ಟಕ್ಕೆ ಸುತ್ತುವ ಒಂದು ನೀರಿನ ಸುಳಿಯನ್ನು ಹುಡುಕಿ, ಅದರ 300 ಚದರ ಕಿಲೋಮೀಟರ್ ಪ್ರದೇಶಕ್ಕೆ ಅನ್ನಭೇದಿಯ ರೂಪದಲ್ಲಿ ಎರಡು ಟನ್ ಕಬ್ಬಿಣವನ್ನು, ಕೆಲವು ವಾರ ಬಿಟ್ಟು ಮತ್ತೆ ಎರಡು ಟನ್ನನ್ನು ಹಾಕಿದರು. ಕೇಳಲು ದೊಡ್ಡ ಸಂಖ್ಯೆ. ಎಕರೆಯ ಲೆಕ್ಕಕ್ಕೆ ಇಳಿಸಿ ನೋಡಿ: 300 ಚದರ ಕಿಲೋಮೀಟರ್ ಎಂದರೆ ಸುಮಾರು 74 ಸಾವಿರ ಎಕರೆ. ಒಂದು ಸಲಕ್ಕೆ ಎಕರೆಗೆ ಬಿದ್ದದ್ದು 27 ಗ್ರಾಂ ಕಬ್ಬಿಣ, ಅಂದರೆ ಸುಮಾರು 135 ಗ್ರಾಂ ಅನ್ನಭೇದಿ. ತಿಕೋಟಾದ ಬೆಳೆಗಾರ ಎಕರೆಗೆ 200 ಲೀಟರ್ ದ್ರಾವಣ ಸಿಂಪಡಿಸಿದರೆ ಒಂದು ಕಿಲೋ ಅನ್ನಭೇದಿ ಖರ್ಚಾಗುತ್ತದೆ. ಪ್ಲವಕವು ಒಂದು ಪರಮಾಣು ಕಬ್ಬಿಣದ ಬಲದ ಮೇಲೆ ಇಂಗಾಲದ ಲಕ್ಷದಷ್ಟು ಪರಮಾಣುಗಳನ್ನು ಕಟ್ಟಿಕೊಳ್ಳಬಲ್ಲದು. ಇಷ್ಟು ಅಗ್ಗದ ಗೊಬ್ಬರ ಇನ್ನೊಂದಿಲ್ಲ ಎಂದು ಯಾರಿಗಾದರೂ ಆಸೆಯಾಗುವುದು ಸಹಜ.

ಹಡಗಿನವರು 39 ದಿನ ಅಲ್ಲಿಯೇ ಸುತ್ತಿ ನೋಡಿದರು. ನೀರು ಹಸಿರಾಯಿತು, ಪ್ಲವಕದ ಹಸಿರು ಎರಡು ಪಟ್ಟು ಹೆಚ್ಚಿತು. ಆದರೆ ತಳಕ್ಕೆ ಇಳಿದ ಇಂಗಾಲ, ಕಬ್ಬಿಣ ಹಾಕದ ಪಕ್ಕದ ನೀರಿನಲ್ಲಿ ಇಳಿದಷ್ಟೇ. ಏಕೆ? ಭಾರವಾದ ಗಾಜಿನಂಥ ಚಿಪ್ಪು ಹೊತ್ತು ಮುಳುಗಬಲ್ಲ ಡಯಾಟಮ್ ಎಂಬ ಪ್ಲವಕಗಳಿಗೆ ಚಿಪ್ಪು ಕಟ್ಟಿಕೊಳ್ಳಲು ಸಿಲಿಕಾಂಶ ಬೇಕು. ಆ ಸುಳಿಯಲ್ಲಿ ಸಿಲಿಕ ಮೊದಲೇ ಮುಗಿದಿತ್ತು. ಬೆಳೆದದ್ದು ಚಿಪ್ಪಿಲ್ಲದ ಸಣ್ಣ ಪ್ಲವಕ. ಅದನ್ನು ಕೋಪೆಪಾಡ್ ಎಂಬ ಸೀಗಡಿಯ ದೂರದ ನಂಟಿನ ಪುಟ್ಟ ಜೀವಿಗಳು ಮೇಯ್ದವು. ಆ ಜೀವಿಗಳನ್ನು ಅವಕ್ಕಿಂತ ದೊಡ್ಡವು ತಿಂದವು. ಒಂದು ಕೊರತೆ ನೀಗಿಸಿದರೆ ಮತ್ತೊಂದು ಕೊರತೆ ಮುಂದೆ ಬಂದು ನಿಲ್ಲುತ್ತದೆ ಎಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಆಗ ಇದನ್ನು ವಿಫಲ ಪ್ರಯೋಗ ಎಂದವರು ಹಲವರು. ನಾನು ಒಪ್ಪುವುದಿಲ್ಲ. ಇಂಗಾಲ ಇಳಿಯಲಿಲ್ಲವೆಂಬುದು ಉತ್ತರವೇ ಹೊರತು ಸೋಲಲ್ಲ. 2004ರಲ್ಲಿ ಅದೇ ಜರ್ಮನ್ ಹಡಗು ನಡೆಸಿದ್ದ ಇನ್ನೊಂದು ಪ್ರಯೋಗದಲ್ಲಿ, ಸಿಲಿಕ ಹೇರಳವಾಗಿದ್ದ ನೀರಿನಲ್ಲಿ ಡಯಾಟಮ್‌ಗಳು ಬೆಳೆದು, ಅವುಗಳ ಅರ್ಧದಷ್ಟಾದರೂ ಸಾವಿರ ಮೀಟರಿನ ಕೆಳಗೆ ಇಳಿದಿದ್ದವು. ಎರಡನ್ನೂ ಪಕ್ಕ ಪಕ್ಕ ಇಟ್ಟಾಗಲೇ ತಿಳಿಯುವುದು: ಕಬ್ಬಿಣ ಒಂದೇ ಸಾಲದು. ಎರಡನೆಯ ಪ್ರಯೋಗ ಮಾಡದಿದ್ದರೆ ಮೊದಲನೆಯದನ್ನೇ ನಂಬಿ ಎಷ್ಟು ಜನ ಎಷ್ಟು ಹಣ ಸುರಿಯುತ್ತಿದ್ದರೋ.

ಮನುಷ್ಯರು ಹಾಕದೆಯೂ ಕಬ್ಬಿಣ ಬೀಳುವ ತಾಣಗಳಿವೆ. ಈ ಪ್ರಶ್ನೆಗೆ ಅತ್ಯಂತ ರುಚಿಕರವಾದ ಉತ್ತರ ದೊರೆತದ್ದು ಅಲ್ಲಿಯೇ. ಭೂಪಟ ಬಿಚ್ಚಿ ವಿಜಯಪುರದ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಎಳೆಯುತ್ತ ಹೋಗಿ. ಕರಾವಳಿ ದಾಟಿದ ಮೇಲೆ ಸಾವಿರಾರು ಕಿಲೋಮೀಟರ್ ಬರಿಯ ನೀರು. ಅದು ಕಳೆದ ಮೇಲೆ, ಸ್ವಲ್ಪ ಪಶ್ಚಿಮಕ್ಕೆ, ಫ್ರಾನ್ಸಿಗೆ ಸೇರಿದ ಕೆರ್ಗೆಲೆನ್ ದ್ವೀಪಗಳು. ಅವುಗಳ ಸುತ್ತ ನೀರಿನಡಿಯಲ್ಲಿ ವಿಶಾಲವಾದ ಪ್ರಸ್ಥಭೂಮಿಯಿದೆ. ಅದೂ ನಮ್ಮ ದಖ್ಖನದಂತೆ ಲಾವಾ ಹರಿದು ಆದ ಬಸಾಲ್ಟಿನ ನೆಲ. ಆ ನೆಲದಿಂದ ಕಬ್ಬಿಣವು ಕೆಳಗಿನ ನೀರಿಗೆ ಸೇರಿ, ಅಲ್ಲಿಂದ ನಿಧಾನವಾಗಿ, ನಿರಂತರವಾಗಿ ಮೇಲಕ್ಕೆ ಬರುತ್ತದೆ. ಪ್ರತಿ ಬೇಸಿಗೆಯಲ್ಲಿ ಅಲ್ಲಿ ಪ್ಲವಕದ ದೊಡ್ಡ ಬೆಳೆ ಏಳುತ್ತದೆ. ನಮ್ಮ ಕಲ್ಲಿನ ಕಬ್ಬಿಣವನ್ನು ಸುಣ್ಣ ಕಟ್ಟಿಹಾಕಿದೆ. ಅವರ ಕಲ್ಲಿನ ಕಬ್ಬಿಣ ಕಡಲನ್ನು ಹಸಿರು ಮಾಡುತ್ತಿದೆ.

2005ರ ಜನವರಿ ಫೆಬ್ರವರಿಯಲ್ಲಿ ಫ್ರೆಂಚರು ಅಲ್ಲಿಗೆ ಹೋಗಿ ಅಳೆದರು. ಒದಗಿದ ಕಬ್ಬಿಣದ ಪ್ರಮಾಣಕ್ಕೆ ಹೋಲಿಸಿದರೆ ಕೆಳಗಿಳಿದ ಇಂಗಾಲವು ಕೃತಕ ಪ್ರಯೋಗಗಳ ಅಂದಾಜಿಗಿಂತ ಕಡಿಮೆಯೆಂದರೂ ಹತ್ತು ಪಟ್ಟು ಹೆಚ್ಚು. ಅದೇ ಬೇಸಿಗೆಯಲ್ಲಿ ಇಂಗ್ಲೆಂಡಿನವರು ಅಲ್ಲಿಂದ ಪಶ್ಚಿಮಕ್ಕಿರುವ ಕ್ರೋಜೆ ದ್ವೀಪಗಳ ಬಳಿ ಅಳೆದರು. ಅಲ್ಲಿಯ ಫಲವು ಕೃತಕ ಪ್ರಯೋಗವೊಂದಕ್ಕಿಂತ 18 ಪಟ್ಟು ಹೆಚ್ಚಿತ್ತು, ಕೆರ್ಗೆಲೆನ್‌ಗಿಂತ 77 ಪಟ್ಟು ಕಡಿಮೆಯಿತ್ತು! ಎರಡೂ ಸ್ವಾಭಾವಿಕ, ಎರಡೂ ಜ್ವಾಲಾಮುಖಿಯ ದ್ವೀಪ, ಒಂದೇ ಸಾಗರ, ಒಂದೇ ಬೇಸಿಗೆ. ಇಷ್ಟು ವ್ಯತ್ಯಾಸವಿರುವ ಸರಕನ್ನು ಟನ್ನಿನ ಲೆಕ್ಕದಲ್ಲಿ ಮಾರುತ್ತೇನೆ ಎಂದು ಬರುವವನ ತಕ್ಕಡಿ ಎಂಥದಿರಬೇಕು?

ನಿಸರ್ಗ ಕೊಡುವ ಕಬ್ಬಿಣಕ್ಕೂ ಚೀಲದ ಕಬ್ಬಿಣಕ್ಕೂ ಇರುವ ಭೇದ ಇಲ್ಲಿದೆ. ಚೀಲದ್ದು ಒಮ್ಮೆಗೇ ಬೀಳುತ್ತದೆ, ಬಹುಪಾಲು ತುಕ್ಕಾಗಿ ಹೋಗುತ್ತದೆ. ನೆಲದಡಿಯಿಂದ ಬರುವುದು ಹನಿ ನೀರಾವರಿಯಂತೆ. ಜೊತೆಗೆ ಸಿಲಿಕ, ಸಾರಜನಕಗಳನ್ನೂ ಹೊತ್ತು ತರುತ್ತದೆ. ಹಾಗೆ ಬಂದುದನ್ನು ಮರಳಿ ಮರಳಿ ಬಳಸುವ ಏರ್ಪಾಡೂ ಅಲ್ಲಿದೆ. ತಿಮಿಂಗಿಲದ ಲದ್ದಿಯಲ್ಲಿ ಅಲ್ಲಿಯ ಸಮುದ್ರದ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಕಬ್ಬಿಣವಿದೆಯೆಂದು 2010ರಲ್ಲಿ ಲೆಕ್ಕ ಹಾಕಿದರು. ತಿಪ್ಪೆಯ ಮಹಿಮೆ ಬಲ್ಲ ನಮಗೆ ಇದೇನೂ ಅಚ್ಚರಿಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಲಕ್ಷಗಟ್ಟಲೆ ತಿಮಿಂಗಿಲಗಳನ್ನು ಕೊಂದು, ಈಗ ಅನ್ನಭೇದಿಯ ಚೀಲ ಹೊತ್ತು ಅದೇ ಸಮುದ್ರಕ್ಕೆ ಹೊರಟಿರುವ ಮನುಷ್ಯನನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು.

ಇನ್ನೊಂದು ಆತಂಕವನ್ನು ನಮ್ಮ ಬಬಲೇಶ್ವರದ ಕಡೆಯವರು ಬೇಗ ಅರಿತಾರು. ಕಾಲುವೆಯ ತಲೆಯಲ್ಲಿರುವವನು ನೀರನ್ನೆಲ್ಲ ಹಾಯಿಸಿಕೊಂಡರೆ ಕೊನೆಯ ಹೊಲದವನು ಬರಿಗಾಲುವೆ ನೋಡುತ್ತ ನಿಲ್ಲಬೇಕು. ದಕ್ಷಿಣ ಸಾಗರದಲ್ಲಿ ಬಳಕೆಯಾಗದೆ ಉಳಿದ ಸಾರಜನಕ ರಂಜಕಗಳು ವ್ಯರ್ಥವಾಗುವುದಿಲ್ಲ. ಅವು ಆಳದ ಪ್ರವಾಹದಲ್ಲಿ ಉತ್ತರಕ್ಕೆ ಸಾಗಿ, ಉಷ್ಣವಲಯದ ಕಡಲುಗಳಲ್ಲಿ ಮೇಲೆದ್ದು ಅಲ್ಲಿಯ ಮೀನನ್ನು ಸಾಕುತ್ತವೆ. ತಲೆಯಲ್ಲೇ ಕಬ್ಬಿಣ ಸುರಿದು ಅವನ್ನೆಲ್ಲ ಬೆಳೆಸಿ ಮುಳುಗಿಸಿದರೆ ಕೊನೆಯ ಹೊಲದವರಾಗುವವರು ಬಡ ದೇಶಗಳ ಬೆಸ್ತರು. ಇಂಗಾಲದ ಹಣ ಮಾತ್ರ ಅವರ ಕೈಗೆ ಬರುವುದಿಲ್ಲ.

ಇಂಗಾಲದ ಹಣದ ಮಾತು ನಮ್ಮ ಹಳ್ಳಿಗಳಿಗೂ ಬಂದಿದೆ. ಕಳೆದ ವರ್ಷ ಬಬಲೇಶ್ವರದ ಹತ್ತಿರದ ಊರೊಂದಕ್ಕೆ ಬಂದ ತರುಣನೊಬ್ಬ, ಬದುವಿನಲ್ಲಿ ಮರ ನೆಟ್ಟರೆ ವಿದೇಶದವರು ವರ್ಷ ವರ್ಷ ಹಣ ಕಳಿಸುತ್ತಾರೆಂದು ಹೇಳಿ ಇಂಗ್ಲಿಷಿನ ಕರಾರುಪತ್ರ ಹಂಚಿದ್ದ. ಓದಿ ಹೇಳೆಂದು ಕೆಲವರು ನನ್ನಲ್ಲಿಗೆ ತಂದರು. ಅದರಲ್ಲಿ ರೈತನ ಕರ್ತವ್ಯ ಎರಡು ಪುಟ, ಹಣದ ವಿಷಯ ಎರಡು ಸಾಲು. ಮರವನ್ನಾದರೂ ಎಣಿಸಬಹುದು, ಅಪ್ಪಿ ಹಿಡಿದು ಸುತ್ತಳತೆ ನೋಡಬಹುದು. ಮೂರು ಸಾವಿರ ಮೀಟರ್ ಆಳದ ಕತ್ತಲಲ್ಲಿ ಇಳಿಯಿತೋ ಇಲ್ಲವೋ ಎಂಬುದನ್ನು ಎಣಿಸುವವರಾರು?

ಇದು ನನ್ನ ಬರಿಯ ಶಂಕೆಯಲ್ಲ. 2012ರಲ್ಲಿ ಕೆನಡಾದ ಪಶ್ಚಿಮ ತೀರದಾಚೆ ಸುಮಾರು 100 ಟನ್ ಕಬ್ಬಿಣದ ಲವಣವನ್ನು ಸಮುದ್ರಕ್ಕೆ ಸುರಿದದ್ದು ವಿಜ್ಞಾನಿಗಳ ತಂಡವಲ್ಲ. ಹೈಡಾ ಎಂಬ ಮೂಲನಿವಾಸಿಗಳ ಓಲ್ಡ್ ಮ್ಯಾಸೆಟ್ ಎಂಬ ಹಳ್ಳಿಯವರು ಸಾಲ್ಮನ್ ಮೀನು ಹೆಚ್ಚುತ್ತದೆ, ಇಂಗಾಲದ ರಶೀದಿ ಮಾರಿದರೆ ಹಾಕಿದ ಹಣವೂ ಬರುತ್ತದೆ ಎಂಬ ಭರವಸೆಯ ಮೇಲೆ ಸುಮಾರು 25 ಲಕ್ಷ ಡಾಲರ್ ಕೊಟ್ಟಿದ್ದರು. ನೀರು ಹಸಿರಾದದ್ದು ಉಪಗ್ರಹಕ್ಕೂ ಕಂಡಿತು. ಇಂಗಾಲದ ರಶೀದಿಯಿಂದ ಹಣ ಬರಲಿಲ್ಲ. ಮರುವರ್ಷ ಲಂಡನ್ ಒಪ್ಪಂದದ ರಾಷ್ಟ್ರಗಳು ನಿಜವಾದ ವೈಜ್ಞಾನಿಕ ಸಂಶೋಧನೆಗೆ ಮಾತ್ರ ಇಂಥ ಕಾರ್ಯಕ್ಕೆ ಅನುಮತಿ ಎಂಬ ತಿದ್ದುಪಡಿಯನ್ನು ಅಂಗೀಕರಿಸಿದವು. ಆ ಹಳ್ಳಿಯ ಹಿರಿಯರ ಜಾಗದಲ್ಲಿ ನಮ್ಮ ಪಂಚಾಯಿತಿಯವರನ್ನು ಕೂಡಿಸಿ ನೋಡಿದರೆ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಮೀನಿಲ್ಲದ ಊರಿಗೆ ಮೀನಿನ ಆಸೆ ತೋರಿಸಿದರೆ, ನೀರಿಲ್ಲದ ಊರಿಗೆ ನೀರಿನ ಆಸೆ ತೋರಿಸಿದಂತೆಯೇ.

ಹಾಗಾದರೆ ಏನು ಮಾಡಬೇಕು? ತಾನಾಗಿ ಕಬ್ಬಿಣ ಬೀಳುವ ಕಡೆಗಳನ್ನು ಇನ್ನೂ ಚೆನ್ನಾಗಿ, ಇನ್ನೂ ದೀರ್ಘಕಾಲ ನೋಡಬೇಕು. ಆಸ್ಟ್ರೇಲಿಯದಲ್ಲಿ 2019–20ರ ಕಾಳ್ಗಿಚ್ಚಿನ ಹೊಗೆಯ ಕಬ್ಬಿಣವು ಸಾವಿರಾರು ಕಿಲೋಮೀಟರ್ ಹಾರಿ ದಕ್ಷಿಣ ಸಾಗರದಲ್ಲಿ ಆ ಖಂಡಕ್ಕಿಂತ ವಿಶಾಲವಾದ ಹಸಿರನ್ನು ಎಬ್ಬಿಸಿತು; ಅಂಥದು ನಡೆದಾಗ ಅಳೆಯುವ ಉಪಕರಣ ಅಲ್ಲಿ ಇರಬೇಕು. ಕೆರ್ಗೆಲೆನ್‌ನಲ್ಲಿ ಫ್ರೆಂಚರು 2011ರಲ್ಲಿ ಹೀಗೆಯೇ ಒಂದು ಆಲಿಕೆಯಂಥ ಬಲೆಯನ್ನು ಸುಮಾರು 300 ಮೀಟರ್ ಆಳದಲ್ಲಿ ಇಳಿಬಿಟ್ಟು ವರ್ಷವಿಡೀ ಬಿದ್ದುದನ್ನೆಲ್ಲ ಹಿಡಿದರು. ಇಳಿದದ್ದು ಅವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಇಂಗಾಲ ಇಳಿದದ್ದು ಡಯಾಟಮ್‌ಗಳ ನಿದ್ರಾಬೀಜಗಳ ರೂಪದಲ್ಲಿ. ಆಹಾರ ಮುಗಿಯುತ್ತಲೇ ಆ ಜೀವಿ ದಪ್ಪ ಚಿಪ್ಪಿನ ಬೀಜವಾಗಿ ಮಾರ್ಪಟ್ಟು ಮುಳುಗುತ್ತದೆ, ಮುಂದಿನ ಹಂಗಾಮಿಗೆಂದು. ವರ್ಷದ ಇಂಗಾಲದಲ್ಲಿ ನೂರಕ್ಕೆ ಸುಮಾರು ನಲವತ್ತು ಭಾಗ ಇಳಿದದ್ದು ಎರಡೇ ಹೊತ್ತಿನಲ್ಲಿ, ಒಂದೊಂದೂ ಹದಿನಾಲ್ಕು ದಿನಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ಒಂದು ತಿಂಗಳು ಹೋಗಿ ನೋಡಿ ಬಂದ ಹಡಗಿಗೆ ಇದು ಸಿಕ್ಕೀತು, ಸಿಗದೆಯೂ ಹೋದೀತು.

ಗೋವೆಯ ವಾಸ್ಕೋದಲ್ಲಿರುವ ನಮ್ಮ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು 2004ರಿಂದ ದಕ್ಷಿಣ ಸಾಗರಕ್ಕೆ ಯಾತ್ರೆಗಳನ್ನು ನಡೆಸುತ್ತ ಬಂದಿದೆ. ಕೆರ್ಗೆಲೆನ್, ಕ್ರೋಜೆ ಎರಡೂ ಹಿಂದೂ ಮಹಾಸಾಗರದ ಭಾಗದಲ್ಲೇ ಇವೆ. ನಮಗೆ ನೆರೆಹೊರೆಯೆಂದೇ ಹೇಳಬೇಕು. ಅಲ್ಲಿ ವರ್ಷಗಟ್ಟಲೆ ನಿಲ್ಲುವ ಬಲೆಗಳನ್ನು ಇಳಿಬಿಡುವುದಕ್ಕೆ ಸರಕಾರವು ಹಣ ಕೊಡಲಿ. ಕಬ್ಬಿಣ ಸುರಿಯುವ ವ್ಯಾಪಾರಿಗೆ ಪರವಾನಗಿ ಕೊಡದಿರಲಿ. ಹಾಗೆಯೇ 2009ರ ಆ 39 ದಿನಗಳ ಕಥೆ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಒಂದು ಪುಟವಾದರೂ ಬರಲಿ. ಎಕರೆಗೆ 27 ಗ್ರಾಂ ಎಂಬ ಲೆಕ್ಕವನ್ನು ಮಕ್ಕಳು ಐದು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಕಬ್ಬಿಣ ನಡುವೆ ಎಲ್ಲಿ ಹೋಯಿತು ಎಂಬ ಪಾಠಕ್ಕೆ ಅವರನ್ನು ತಿಕೋಟಾದ ಯಾವುದಾದರೊಂದು ತೋಟಕ್ಕೆ ಕರೆದೊಯ್ದರೆ ಆಯಿತು, ಏಪ್ರಿಲ್ ಚಾಟ್ನಿಯ ಚಿಗುರು ಬರುವ ಹೊತ್ತಿಗೆ.